ಖಾಲಿ ಲ್ಯಾಪ್‌ಟಾಪ್

‘ಎಲ್ಲವನ್ನೂ ಅಳಿಸಬೇಕೆ?’ ಎಂದು ಲ್ಯಾಪ್‌ಟಾಪ್ ಕೇಳಿತು. ಶಾಲಿನಿ ಪೆನ್‌ಡ್ರೈವ್ ಕಿತ್ತು ಪರ್ಸಿಗೆ ಹಾಕಿಕೊಂಡು, ‘ಹೌದು’ ಒತ್ತಿದಳು.

ಬೀಜದ ಕಂಪನಿಯ ಕೆಲಸ ಬಿಟ್ಟಾಗಿತ್ತು. ಲ್ಯಾಪ್‌ಟಾಪನ್ನು ಶಿಕಾರಿಪುರದ ಆಫೀಸಿಗೆ ಒಪ್ಪಿಸುವುದೊಂದು ಬಾಕಿ. “ಹಂಗೇ ತಂದುಕೊಡಮ್ಮ, ಅಳಿಸೋ ತ್ರಾಸೆಲ್ಲ ತಗೋಬ್ಯಾಡ” ಎಂದು ಮ್ಯಾನೇಜರ್ ಶ್ರೀನಾಥ ಫೋನಿನಲ್ಲಿ ಬೆಣ್ಣೆ ಹಚ್ಚಿದ್ದ. ಅದೇಕೆಂದು ಅವಳಿಗೆ ಗೊತ್ತಿಲ್ಲವೇ? ಅದರಲ್ಲಿ ಅವಳ ಫೋಟೋಗಳಿದ್ದವು, ಅಮ್ಮನ ಬ್ಯಾಂಕಿನ ಕಾಗದಗಳಿದ್ದವು, ಆ ಮಹಾನುಭಾವನೇ ಅವಳಿಗೆ ಕಳಿಸಿದ ಹೊಲಸು ಮೆಸೇಜುಗಳೂ ಇದ್ದವು. ಬರೀ ಡಿಲೀಟ್ ಮಾಡಿದರೆ ಬಲ್ಲವರು ಮತ್ತೆ ಹೊರತೆಗೆಯುತ್ತಾರೆ. ಅದಕ್ಕೇ ಡಿಸ್ಕನ್ನು ಪೂರ್ತಿ ಒರೆಸಲು ಬಿಟ್ಟು ಕಾದು ಕುಳಿತಳು. ಸಿಟ್ಟಿತ್ತು, ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

“ಇನ್ನೂ ಆಗ್ಲಿಲ್ಲನೇ? ಬಸ್ ಹೋಗ್ತದೆ” ಎಂದು ತಾಯಿ ಸರ್ವಮಂಗಳ ಒಳಗಿನಿಂದ ಕೂಗಿದಳು.

“ತೊಳೀತಾ ಇದೆ ಅಮ್ಮ. ಒಂದು ಚೂರೂ ಉಳೀಬಾರ್ದು.”

“ತೊಳ್ದು ಖಾಲಿ ಕೊಡ್ತೀಯನೇ? ಮಜ್ಜಿಗೆ ತಂದ ಪಾತ್ರೆನೂ ಖಾಲಿ ವಾಪಸ್ ಕೊಡಲ್ಲ ನಾವು.” ಸರ್ವಮಂಗಳ ಬೆಲ್ಲದ ಅಚ್ಚೊಂದನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗಿಟ್ಟಳು.

“ಅವನಿಗೆ ಬೆಲ್ಲ ಬೇರೆ ಕೇಡು!”

“ಅವನಿಗಲ್ಲ ಮಾರಾಯ್ತಿ. ಮುಂದೆ ಇದನ್ನ ಹಿಡ್ಕಂಡು ಅಲ್ಲಿ ಕೂರೋಳಿಗೆ.”

ಅವಳೊಬ್ಬಳು ಬರುತ್ತಾಳೆಂದು ಶಾಲಿನಿ ಯೋಚಿಸಿಯೇ ಇರಲಿಲ್ಲ. ತಾನು ಪಾರಾದರೆ ಸಾಕೆಂದುಕೊಂಡಿದ್ದಳು. ಸೊರಬದಿಂದ ಶಿಕಾರಿಪುರದವರೆಗೂ ಬಸ್ಸಿನಲ್ಲಿ ಅದೇ ಮಾತು ಕೊರೆಯುತ್ತಿತ್ತು.

ಆಫೀಸಿನಲ್ಲಿ ಅವಳ ಕುರ್ಚಿಯ ಮೇಲೆ ಆಗಲೇ ಹೊಸ ಹುಡುಗಿ ರಕ್ಷಿತಾ ಕುಳಿತಿದ್ದಳು. ಶ್ರೀನಾಥ ಅವಳ ಹೆಗಲಿನ ಮೇಲಿಂದ ಬಗ್ಗಿ ಏನೋ ಹೇಳಿಕೊಡುತ್ತಿದ್ದ. ಶಾಲಿನಿಯನ್ನು ಕಂಡದ್ದೇ ನೆಟ್ಟಗಾಗಿ, ಲ್ಯಾಪ್‌ಟಾಪ್ ಇಸಿದುಕೊಂಡು ತೆರೆದ. ಹೊಸದಾಗಿ ಕೊಂಡದ್ದರಂತೆ ಅದು ಭಾಷೆ ಯಾವುದೆಂದು ಕೇಳಿತು.

“ಎಲ್ಲಾ ಅಳಿಸೀಯೇನು?”

“ಎಲ್ಲಾ ಸರ್. ಯಾರು ಹುಡುಕಿದ್ರೂ ಸಿಗಲ್ಲ.”

ಅವನ ಮುಖ ಮೊದಲು ಗಂಟಾಯಿತು. ಮರುಕ್ಷಣ ಏನೋ ಹೊಳೆದು ಅರಳಿತು. “ಒಳ್ಳೇದಾತು ಬಿಡು. ನಮಗೂ ನಿನಗೂ ಚಲೋ ಆತು.”

ಶಾಲಿನಿ ಬೆಲ್ಲದ ಪೊಟ್ಟಣ ಬಿಚ್ಚಿ ರಕ್ಷಿತಾಳ ಮುಂದಿಟ್ಟಳು. “ನಮ್ಮಮ್ಮ ಕೊಟ್ಟಿದ್ದು, ತಗಾ.”

“ನಮಗಿಲ್ಲೇನು?” ಎಂದು ಶ್ರೀನಾಥ ನಗುತ್ತ ಕೈ ಚಾಚಿದ.

ಶಾಲಿನಿ ಅವನತ್ತ ತಿರುಗಲಿಲ್ಲ. ರಕ್ಷಿತಾಳ ಫೋನಿಗೆ ತನ್ನ ನಂಬರು ಒತ್ತಿಕೊಟ್ಟು, ಪರ್ಸನ್ನು ತಟ್ಟಿ ಹೇಳಿದಳು: “ಆ ಲ್ಯಾಪ್‌ಟಾಪಲ್ಲಿ ಏನೂ ಇಲ್ಲ ಕಣೇ. ಇವರು ಕಳಿಸಿದ್ದೆಲ್ಲ ನನ್ನ ಹತ್ರ ಭದ್ರವಾಗಿದೆ. ನಿಂಗೂ ಕಳಿಸೋಕೆ ಶುರು ಮಾಡಿದ್ರೆ ಫೋನ್ ಮಾಡು.”

ಚಾಚಿದ ಕೈ ಬೆಲ್ಲದವರೆಗೆ ಬರಲಿಲ್ಲ.