ಎರಡು ತುಂಡು ಕಟ್ಟಿಗೆ

ಮಲೇಷ್ಯಾದ ಹಳೇ ಬಂದರು ಪೇಟೆ ಮಲಕ್ಕಾದ ಆ ಚೀನೀ ಗುಡಿಗೆ ಗುರುಲಿಂಗಪ್ಪನವರು ಬಂದದ್ದು ಮಗಳ ಹಟಕ್ಕೆ. ಅವಳು ಮೆಚ್ಚಿದ ಹುಡುಗ ಅದೇ ಊರಿನವನು. ಮಾತುಕತೆಗೆ ಮೊದಲು ಎಲ್ಲರೂ ಗುಡಿಗೆ ಹೋಗಬೇಕೆಂದು ಅವನ ಅಜ್ಜಿ ಹೇಳಿದ್ದಳಂತೆ.

“ಬೂಟು ಹಾಕ್ಕೊಂಡ ಒಳಗ ಹೋಗೂದು. ಇದೂ ಒಂದು ಗುಡಿ,” ಎಂದು ಅವರು ಹೊಸ್ತಿಲಲ್ಲೇ ಮೂಗು ಮುರಿದರು.

ಒಳಗೆ ಊದಿನಕಡ್ಡಿಯ ಹೊಗೆ. ದೇವರ ಮುಂದೆ ಇಡಿಯಾಗಿ ಹುರಿದ ಬಾತುಕೋಳಿ.

“ದೇವರಿಗೇ ಇದನ್ನ ತಿನ್ನಸ್ತಾರ. ಇಂಥವರ ಮನೀಗೆ ನಿನ್ನ ಕೊಡಬೇಕಂತ.”

ಹುಡುಗನ ಅಜ್ಜಿ ಮಂಡಿಯೂರಿ, ಅರ್ಧಚಂದ್ರದಂಥ ಎರಡು ಕಟ್ಟಿಗೆ ತುಂಡುಗಳನ್ನು ಎತ್ತಿ ಹಿಡಿದು ಏನೋ ಗೊಣಗಿ ನೆಲಕ್ಕೆ ಬಿಟ್ಟಳು. ಎರಡೂ ಬೋರಲು ಬಿದ್ದವು.

“ಏನದು ಆಟ?”

“ದೇವರನ್ನ ಕೇಳೂದು ಅಪ್ಪಾ. ಒಂದು ಬೋರಲು, ಒಂದು ಅಂಗಾತ ಬಿದ್ರ ಹೂಂ ಅಂತ. ಎರಡೂ ಬೋರಲು ಬಿದ್ರ ಒಲ್ಲೆ ಅಂತ.”

ಗುರುಲಿಂಗಪ್ಪ ನಕ್ಕರು. “ನಾ ಹೂಂ ಅಂತೀನೋ ಇಲ್ಲೋ ಅನ್ನೂದು ಆ ಕಟ್ಟಿಗೀಗೇನ ಗೊತ್ತು? ನನ್ನ ಕೇಳಿದ್ರ ನಾನ ಹೇಳ್ತಿದ್ದೆ, ಒಲ್ಲೆ ಅಂತ.”

“ಅದನ್ನ ಕೇಳಿಲ್ಲಪ್ಪಾ,” ಮಗಳು ತಲೆ ತಗ್ಗಿಸಿದಳು. “ನನ್ನ ಸೊಸಿ ಮಾಡ್ಕೋಬೇಕೋ ಬ್ಯಾಡೋ ಅಂತ ಕೇಳಿದ್ರು.”

ಗುರುಲಿಂಗಪ್ಪ ಬೋರಲು ಬಿದ್ದ ತುಂಡುಗಳನ್ನೇ ನೋಡುತ್ತ ನಿಂತರು. ಆಮೇಲೆ ಬೂಟು ಕಳಚಿ, ಬರಿಗಾಲಲ್ಲಿ ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತರು.

“ಬೀಗರಿಗೆ ಹೇಳು, ಇನ್ನೊಮ್ಮೆ ಕೇಳಲಿ.”