ಮದ್ದು ತೆಗೆಸಿದ್ದು

ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಮೈಲಿಗಟ್ಟಲೆ ಓಡುವ ಆಟದಲ್ಲಿ ದಾಕ್ಷಾಯಿಣಿ ದೇಶಕ್ಕೇ ಮೊದಲಿಗಳಾಗಿದ್ದಳು. ಈಗ ‘ಉದ್ದೀಪನ ಮದ್ದು ಸೇವನೆ: ನಾಲ್ಕು ವರ್ಷ ನಿಷೇಧ’ ಎಂದು ಪೇಪರಿನಲ್ಲಿ ಬಂದಿತ್ತು. ಅದನ್ನು ಯಾರೋ ಓದಿ ಹೇಳಿದಾಗ ಅವಳ ಅವ್ವನ ಕಿವಿಗೆ ಬಿದ್ದದ್ದು ಮದ್ದು ಎಂಬ ಮಾತೊಂದೇ. ಮಗಳ ಏಳಿಗೆ ಕಂಡು ಹೊಟ್ಟೆ ಉರಿದವರು ಅನ್ನದಲ್ಲಿ ಕೈಮದ್ದು ಕಲಸಿ ಹಾಕಿದ್ದಾರೆಂದು, ಮದ್ದು ಕಕ್ಕಿಸುವ ಮುದುಕಿಯ ಜಗಲಿಗೆ ಅವಳನ್ನು ಎಳೆದು ತಂದಳು.

ದಾಕ್ಷಾಯಿಣಿ ಕೂರು ಎಂದಲ್ಲಿ ಕೂತಳು. ಕೊಟ್ಟ ಸೊಪ್ಪಿನ ರಸ ಕುಡಿದಳು, ಕಕ್ಕಿದಳು. ನಾಲಗೆಗೆ ಕಹಿ ಕೂಡ ತಿಳಿಯಲಿಲ್ಲ.

“ಯಾರವ್ವ ಹಾಕಿದ್ದು?” ಮುದುಕಿ ಕೇಳಿದಳು.

“ಇನ್ಯಾರು? ಕ್ಯಾಂಪಲ್ಲಿ ಇವಳ ಜೊತೆ ಒಂದೇ ರೂಮಲ್ಲಿದ್ದ ಆ ಪಕ್ಕದ ತಾಲ್ಲೂಕಿನೋಳು!” ಅವ್ವ ಹಲ್ಲು ಕಡಿದಳು. “ಓಟದಲ್ಲಿ ಯಾವಾಗ್ಲೂ ಇವಳ ಹಿಂದೆ ಬರ್ತಿದ್ದೋಳು, ಈಗ ಇವಳ ಜಾಗದಲ್ಲಿ ಮೆರೀತಾವ್ಳೆ. ನಾಳೆನೇ ಅವಳ ಮನೆ ಬಾಗಿಲಿಗೆ ಹೋಗಿ ಮಣ್ಣು ತೂರಿ ಶಾಪ ಹಾಕ್ತೀನಿ.”

ಆ ಹುಡುಗಿ ಇವಳ ಕಾಲಿನ ಬೊಬ್ಬೆಗಳಿಗೆ ಮುಲಾಮು ಹಚ್ಚಿದವಳು. ಪೇಪರಿನಲ್ಲಿ ಸುದ್ದಿ ಬಂದ ಮೇಲೆ ದಾಕ್ಷಾಯಿಣಿ ಮೊದಲ ಸಲ ಬಾಯಿ ಬಿಟ್ಟಳು.

“ಬ್ಯಾಡ ಕಣವ್ವ. ಅವಳದೇನೂ ತಪ್ಪಿಲ್ಲ. ನಾನೇ ಸೂಜಿ ಚುಚ್ಕೊಂಡೆ. ಗೆಲ್ಲಬೇಕು ಅಂತ, ಗೊತ್ತಿದ್ದೇ ಚುಚ್ಕೊಂಡೆ.”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಮುದುಕಿಯ ಮುಖ ನೋಡಿದಳು.

“ಕೇಳುದ್ಯಾ?” ಮುದುಕಿ ಲೋಟಕ್ಕೆ ಮತ್ತೆ ರಸ ಬಗ್ಗಿಸಿದಳು. “ಹಾಕ್ದೋರ ಪರವಾಗೇ ಮಾತಾಡಿಸ್ತದೆ ಅದು. ಇನ್ನೂ ಒಳಗೇ ಐತೆ, ತಲೆ ಗಟ್ಟಿಯಾಗಿ ಹಿಡ್ಕೊ.”