ವಾರ್ಡಿನ ಅತ್ತೆ

ಹಸಿರು ಖಣ ಹೊದಿಸಿದ ತೊಟ್ಟಿಲು. ಅದರೊಳಗೆ ಮುಷ್ಟಿ ಮಡಚಿ ಮಲಗಿದ ಕೂಸು. ಸುತ್ತ ಇಣುಕಿ ನೋಡುತ್ತ ನಿಂತ ಹೆಂಗಸರು. ಹನ್ನೊಂದು ವರ್ಷಗಳಲ್ಲಿ ಆ ಓಣಿಯ ಮೊದಲ ಮಗು. ಮೂರು ತಲೆಮಾರಿನಿಂದ ಊರಿನವರೆಲ್ಲ ಒಂಟಿ ಮಕ್ಕಳೇ. ಕೂಸಿನ ಅಪ್ಪ ಚನ್ನವೀರನಿಗೂ ಅಕ್ಕತಂಗಿಯರಿಲ್ಲದ್ದರಿಂದ, ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಪುರಸಭೆ ಇಡೀ ವಾರ್ಡಿಗೆ ಸೋದರತ್ತೆಯಾಗಿ ನೇಮಿಸಿದ್ದ ಶಾಂತವ್ವನನ್ನು ಕಳಿಸಿತ್ತು.

ಹೆಸರು ಉಸುರಿ ಆಕೆ ಬಾಗಿಯೇ ನಿಂತಳು. "ಗುದ್ದ್ರೆವ್ವಾ, ಹೆಸರಿಟ್ಟ ಅತ್ತಿ ಬೆನ್ನಿಗೆ ಗುದ್ದೋದು ಪದ್ಧತಿ!"

ಹೆಂಗಸರು ಅಂಜುತ್ತ ಮುಟ್ಟಿದರು.

"ಇದೇನ್ ಗುದ್ದೋದೋ, ಧೂಳ ಝಾಡಿಸೋದೋ?"

ಮನೆ ನಕ್ಕಿತು. ನಲವತ್ತು ತೊಟ್ಟಿಲುಗಳಿಗೆ ಬಾಗಿದ ಆ ಮುದಿಬೆನ್ನನ್ನು ಚನ್ನವೀರ ಕಣ್ತುಂಬ ನೋಡಿದ. ಈ ನಂಟು ಇಂದಿಗೇ ಮುಗಿಯುವುದೇ ಎಂಬ ಅಳುಕು ಅವನಿಗೆ. ಹೊರಟವಳನ್ನು, ಜೀವಮಾನದಲ್ಲಿ ಯಾರನ್ನೂ ಕರೆಯದ ಮಾತಿನಿಂದ ಕರೆದ:

"ಅಕ್ಕಾ... ಮತ್ತ ಬರ್ತಿ ಇಲ್ಲ?"

"ಕರೀದ ತವರಿಗೆ ಯಾರ್ ಬರ್ತಾರೋ ಹುಚ್ಚಾ? ನಾಗರಪಂಚಮಿಗೆ ಕರಿಯಾಕ ಬಾ."

ಶಾಂತವ್ವ ಸೆರಗು ಸರಿಪಡಿಸಿಕೊಂಡು ಹೊರನಡೆದಳು. ಆಕೆಯ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.